ಮೈಕ್ ಆಫ್ ಆದ ಮೇಲೆ

"ಹೊಸಿಲು ದಾಟಿದ್ರೆ ಕಾಲು ಮುರೀತೀನಿ, ಹುಷಾರ್!" ಎಂದಳು ತಾಯಿ.

ಮೈಕಣ್ಣ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ. ಊರಿಗೆಲ್ಲ ಅವನು ಮೈಕಣ್ಣ. ಸರ್ಕಸ್ ಬರಲಿ, ಬ್ಯಾಂಕಿನ ಹರಾಜಿರಲಿ, ಹಾಸಿಗೆ ಅಂಗಡಿಯ ರಿಯಾಯಿತಿ ಮಾರಾಟ ಇರಲಿ, ವ್ಯಾನಿನ ತಲೆಗೆ ಸ್ಪೀಕರ್ ಕಟ್ಟಿಕೊಂಡು ಬೀದಿ ಬೀದಿ ಕೂಗುವವನು ಅವನೇ. ಕಳೆದ ಚುನಾವಣೆಯಲ್ಲಂತೂ ಬೆಳಿಗ್ಗೆ ಒಂದು ಪಕ್ಷಕ್ಕೆ, ಸಂಜೆ ಎದುರು ಪಕ್ಷಕ್ಕೆ ಮತ ಕೇಳಿದ್ದ ಪುಣ್ಯಾತ್ಮ. ಈಗ ಅದೇ ಗಂಟಲಿನಲ್ಲಿ, ಮಾಸ್ಕ್ ಧರಿಸಿ, ಜೀವ ಉಳಿಸಿ ಎಂದು ದಿನವಿಡೀ ಸಾರುತ್ತಿದ್ದ. ಮೈಕ್ ಆಫ್ ಆದರೆ ಮಾಸ್ಕ್ ಜೇಬಿಗೆ. ಟೀ ಅಂಗಡಿಯ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು, ಕಾಯಿಲೆ ಅನ್ನೋದೇ ಬುರುಡೆ, ಎಲ್ಲ ಮಾಸ್ಕ್ ಮಾರೋರ ಕಿತಾಪತಿ ಎಂದು ಫೋನಿನಲ್ಲಿ ಬಂದದ್ದನ್ನೆಲ್ಲ ರಾಗವಾಗಿ ಓದಿ ಹೇಳುತ್ತಿದ್ದ.

ಇವತ್ತು ಮಧ್ಯಾಹ್ನ ಅವನು ಓಡೋಡಿ ಬಂದದ್ದು ಮಗಳನ್ನು ಎತ್ತಿಕೊಳ್ಳಲು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಇಷ್ಟು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಬೆಳಿಗ್ಗೆಯಷ್ಟೇ ಮನೆಗೆ ಬಂದಿದೆ. ಅಪ್ಪ ಎನಿಸಿಕೊಂಡವನು ಇನ್ನೂ ಅದರ ಕಿರುಬೆರಳನ್ನೂ ಮುಟ್ಟಿಲ್ಲ. ಯಾಕೋ ಇಷ್ಟು ತಡ ಎಂದು ಅಮ್ಮ ಕೇಳಿದ್ದಕ್ಕೆ, "ಡ್ರೈವರ್‌ಗೆ ಜ್ವರ ಕಣಮ್ಮ. ದಾರಿಯುದ್ದಕ್ಕೂ ಕೆಮ್ಮಿ ಕೆಮ್ಮಿ ಸುಸ್ತಾಗಿಬಿಟ್ಟ. ಆಸ್ಪತ್ರೆಗೆ ಸೇರಿಸಿ ಬಂದೆ," ಎಂದು ಸಲೀಸಾಗಿ ಹೇಳಿಬಿಟ್ಟಿದ್ದ. ಅಷ್ಟೇ, ಅವಳು ಬಾಗಿಲಿಗೆ ಅಡ್ಡ ನಿಂತಳು.

"ಗಾಡೀಲಿ ಮಾಸ್ಕ್ ಹಾಕಿದ್ಯಾ?"

"ಅಯ್ಯೋ, ಅದು ಸೀಸನ್ ಜ್ವರ ಬಿಡಮ್ಮ."

"ಅಂದ್ರೆ ದಿನಾ ಮೈಕಲ್ಲಿ ಬಾಯಿ ಬಡ್ಕೊಳ್ಳೋದು ಸುಳ್ಳಾ?"

"ಅದು ಕೆಲಸ ಕಣಮ್ಮ!"

"ಓಹೋ, ಕೆಲಸ! ಎದುರುಮನೆ ದರ್ಜಿ ಮಾಸ್ಕ್ ಬಿಸಾಕಿದಾನೆ. ಯಾಕಪ್ಪಾ ಅಂದ್ರೆ, ಕೂಗೋ ನಿಮ್ಮ ಮಗನೇ ನಂಬಲ್ವಲ್ಲಮ್ಮ ಅಂತಾನೆ. ನನಗೆ ತಲೆ ಎತ್ತೋಕಾಗ್ಲಿಲ್ಲ. ಹೋಗು. ಎಲ್ಲಿ ಕೂತು ಸುಳ್ಳು ಅಂದ್ಯೋ ಅಲ್ಲೇ ನಿಂತು ನಿಜ ಅಂತ ಹೇಳಿ ಬಾ. ಮೈಕ್ ಇಲ್ದೆ ಹೇಳು."

"ಅಮ್ಮಾ, ನನ್ನ ಮಾನ ಹರಾಜಾಗುತ್ತೆ!"

"ಆಗ್ಲಿ ಬಿಡು. ಹರಾಜು ಕೂಗೋದು ನಿನಗೇನು ಹೊಸದಾ?"

ಅವನು ಅಮ್ಮನ ಹೆಗಲ ಮೇಲಿಂದ ಹೆಂಡತಿಯ ಕಡೆ ನೋಡಿದ. ಅವಳಾದರೂ ತನ್ನ ಪರ ಬಂದಾಳು ಎಂದುಕೊಂಡಿದ್ದ. ಅವಳು ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಳು. "ಆ ಗಾಜಿನ ಪೆಟ್ಟಿಗೆ ಮುಂದೆ ಮತ್ತೆ ನಿಲ್ಲೋಕೆ ನನ್ನ ಕೈಲಾಗಲ್ಲ ರೀ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹೊಸಿಲಿನಿಂದ ತಿರುಗಿ ವ್ಯಾನಿನ ಕಡೆ ನಡೆದ.

ವ್ಯಾನ್ ಹತ್ತಿ ಡ್ರೈವರ್‌ನ ಖಾಲಿ ಸೀಟಿನಲ್ಲಿ ತಾನೇ ಕೂತ. ಆ ಮನುಷ್ಯ ಮೊದಲೆಲ್ಲ ಮಾಸ್ಕ್ ತೆಗೆಯುತ್ತಲೇ ಇರಲಿಲ್ಲ. ಮೂಗುದಾರ ಹಾಕ್ಕೊಂಡ ಎತ್ತು ಎಂದು ಗೇಲಿ ಮಾಡಿ ಮಾಡಿ ತೆಗೆಸಿದವನು ತಾನೇ. ನಿಜವಾಗಿಯೂ ಹೆದರಿಕೆಯಾಯಿತು. ಜೇಬಿನಲ್ಲಿ ಮುದುಡಿದ್ದ ಮಾಸ್ಕನ್ನು ಕೊಡವಿ ಕಟ್ಟಿಕೊಂಡ.

ಟೀ ಅಂಗಡಿಯ ಬೆಂಚಿನವರು ಜಾಗ ಬಿಟ್ಟರೂ ಅವನು ಕೂರಲಿಲ್ಲ. ರಸ್ತೆಯಲ್ಲೇ ನಿಂತು ಹೇಳಿದ: "ನೋಡ್ರಪ್ಪಾ, ನಾನು ಇಲ್ಲಿ ಕೂತು ಹೇಳಿದ್ದೆಲ್ಲ ಬರೀ ಬುರುಡೆ. ಕಾಯಿಲೆ ನಿಜ. ನನ್ನ ಡ್ರೈವರ್ ಆಸ್ಪತ್ರೇಲಿ ಮಲಗಿದಾನೆ. ನನ್ನ ಮಾತು ಕೇಳಿ ಮಾಸ್ಕ್ ತೆಗೆದೋರು ದಯವಿಟ್ಟು ಹಾಕ್ಕೊಳ್ಳಿ."

ಟೀ ಸೋಸುತ್ತಿದ್ದವನು ತಲೆ ಎತ್ತಿದ. "ಇದನ್ನ ಹೇಳೋಕೆ ಎಷ್ಟು ಕೊಟ್ರು ಮೈಕಣ್ಣ?"

ಬೆಂಚು ಬೆಂಚೇ ಗೊಳ್ಳೆಂದಿತು. ಬೇರೆ ದಿನವಾಗಿದ್ದರೆ ಮೈಕಣ್ಣ ತಿರುಗಿಸಿ ಒಂದು ಮಾತು ಬಿಡುತ್ತಿದ್ದ. ಇವತ್ತು ನಗು ಮುಗಿಯುವವರೆಗೂ ಕಾದು, ಅಷ್ಟನ್ನೂ ಮೊದಲಿನಿಂದ ಮತ್ತೆ ಹೇಳಿದ. ಮತ್ತೆ ನಕ್ಕರು. ಮತ್ತೆ ಹೇಳಿದ. ಈ ಸಲ ಡ್ರೈವರ್‌ನ ಸುದ್ದಿ ಬಂದ ಕಡೆ ಮಾತು ಅರ್ಧಕ್ಕೇ ನಿಂತಿತು. ಯಾರೂ ನಗಲಿಲ್ಲ. ಬೆಂಚಿನ ತುದಿಯಲ್ಲಿದ್ದ ದರ್ಜಿ ಲೋಟ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಎದ್ದು ಹೋದ.

ಮೈಕಣ್ಣ ಮನೆ ತಲುಪುವ ಹೊತ್ತಿಗೆ ಸುದ್ದಿ ದರ್ಜಿಯ ಬಾಯಿಂದ ಮುಟ್ಟಿಯಾಗಿತ್ತು. ಬಾಗಿಲು ಅಗಲವಾಗಿ ತೆರೆದಿತ್ತು. ಅಮ್ಮನ ಪಟ್ಟು ಸಡಿಲಿತ್ತು, ಕಣ್ಣು ಕೆಂಪಾಗಿತ್ತು. "ಬಾರೋ ನನ್ನಪ್ಪಾ. ಕೈಕಾಲು ತೊಳ್ಕೊಂಡು, ಮಾಸ್ಕ್ ಹಾಕ್ಕೊಂಡೇ ಒಂದೇ ಒಂದು ಸಲ ಎತ್ಕೋ," ಎಂದಳು. ಹೆಂಡತಿ ಕೂಸನ್ನು ಹಿಡಿದು ಹೊಸಿಲವರೆಗೂ ಬಂದಳು.

"ನಿಂತ್ಕೋ! ಅಲ್ಲೇ ನಿಂತ್ಕೋ!" ಅವನು ಕೂಗಿದ ರಭಸಕ್ಕೆ ಕೂಸು ಬೆಚ್ಚಿತು. "ಅಮ್ಮಾ, ನಿನಗೆ ಬುದ್ಧಿ ಬೇಡ್ವಾ? ಆ ಡ್ರೈವರ್ ಪಕ್ಕ ಕೂತು ಬಂದೋನು ನಾನು! ಡಾಕ್ಟರು ಪರವಾಗಿಲ್ಲ ಅನ್ನೋ ತನಕ ವ್ಯಾನಲ್ಲೇ ಇರ್ತೀನಿ. ಊಟ ಮೆಟ್ಟಿಲ ಮೇಲಿಡು. ಹೂಂ, ಬಾಗಿಲು ಹಾಕು."

ಅಮ್ಮ ಬಾಗಿಲು ಹಾಕಿದಳು. ಹೆಂಡತಿ ಕಿಟಕಿಗೆ ಬಂದು, ಗಾಜಿನ ಹಿಂದೆ ಕೂಸನ್ನು ಎತ್ತಿ ಹಿಡಿದಳು. ಅದು ಮುಷ್ಟಿ ಬಿಚ್ಚಿ ಗಾಳಿಯಲ್ಲಿ ಏನನ್ನೋ ಹುಡುಕಿತು. ಮೈಕಣ್ಣನ ಕಾಲು ತಾನಾಗಿ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಅವನು ಹಿಂದೆ ಸರಿದ. ರಸ್ತೆ ದಾಟಿ, ವ್ಯಾನಿಗೆ ಆತು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡ.