ಬೆಚ್ಚಿ ಬಿದ್ದವಳು

ತೋಪು ಹಾರಿತು. ಡೆಸ್ಮಂಡ್ ಕುರ್ಚಿಯಿಂದ ಮೊಳ ಮೇಲಕ್ಕೆ ನೆಗೆದ. ಕೈಯಲ್ಲಿದ್ದ ಚಹಾ ಅಷ್ಟೂ ಹೊಸ ಪ್ಯಾಂಟಿನ ಮೇಲೆ ಚೆಲ್ಲಿತು. ಎಡಿನ್‌ಬರೋ ಕೋಟೆಯ ಕೆಳಗಿನ ಆ ಚಹಾದಂಗಡಿಯಲ್ಲಿ ಊರಿನವರು ಮೊದಲು ತಮ್ಮ ಕೈಗಡಿಯಾರ ನೋಡಿಕೊಂಡರು, ಆಮೇಲೆ ಅವನನ್ನು ನೋಡಿ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವನ ಹೆಂಡತಿ ಊನಾ.

“ಹೊರಗಿನವರು ಅಂತ ಗೊತ್ತಾಗಿಹೋಯ್ತು ಬಿಡಿ,” ಅಂದಳು ಮೇಜು ಒರೆಸಲು ಬಂದ ಅಂಗಡಿಯಾಕೆ. “ಒಂದು ಗಂಟೆ ಆದ್ರೆ ಕೋಟೆ ಮೇಲಿಂದ ಢಮಾರ್. ನಮ್ಮೂರ ಕೂಸು ತೊಟ್ಟಿಲಲ್ಲಿದ್ರೂ ಕಣ್ಣು ಪಿಳುಕಿಸಲ್ಲ.”

ಡೆಸ್ಮಂಡನೂ ನಕ್ಕ. ಆದರೆ ನಾಲ್ಕು ಜನರ ಮುಂದೆ ತನ್ನನ್ನು ನೋಡಿ ನಕ್ಕವರನ್ನು ಅವನು ಇದುವರೆಗೆ ಕ್ಷಮಿಸಿದ್ದಿಲ್ಲ. ಇದಕ್ಕೆ ಬಡ್ಡಿ ಸಮೇತ ತೀರಿಸುತ್ತೇನೆ ಎಂದು ಒಳಗೊಳಗೇ ಹಲ್ಲು ಕಡಿದ.

ತೀರಿಸುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲ ಹೆಂಡತಿ ಮೇವಿಸ್ ಐರ್ಲೆಂಡಿಗೆ ಹೋಗುವಾಗ ಹಡಗಿನ ಕಟಕಟೆ ದಾಟಿ ಸಮುದ್ರಕ್ಕೆ ಬಿದ್ದಿದ್ದಳು. ‘ಹಡಗಿನ ಸೀಟಿ ಕೂಗಿತು, ಬೆಚ್ಚಿ ಬಿದ್ದಳು’ ಎಂದು ಡೆಸ್ಮಂಡ್ ಅತ್ತಿದ್ದ. ಚೆನ್ನಾಗಿಯೇ ಅತ್ತಿದ್ದ, ಎಲ್ಲರೂ ನಂಬಿದರು. ಬಿದ್ದದ್ದು ನಿಜ, ಬೆಚ್ಚಿದ್ದು ಮಾತ್ರ ಸುಳ್ಳು. ಮನೆಯವರ ಮೇಲೆ ಮುನಿಸಿಕೊಂಡು ಬಂದಿದ್ದ ಅವಳ ತವರು ಯಾವುದೆಂದು ಅವನು ಒಮ್ಮೆಯೂ ಕೇಳಿದವನಲ್ಲ. ಅವಳ ಬ್ಯಾಂಕು ಯಾವುದೆಂದು ಗೊತ್ತಾಗಿದ್ದು ಅವನಿಗೆ ಸಾಕಾಗಿತ್ತು.

ಆಮೇಲೆ ಬ್ರಿಸ್ಟಲಿನ ಒಂದು ನೃತ್ಯಕೂಟದಲ್ಲಿ ಈ ಊನಾ ಸಿಕ್ಕಿದಳು. ವಿಧವೆ. ತಾನೇ ಬಂದು ಮಾತನಾಡಿಸಿದಳು, ಮದುವೆಯ ಮಾತನ್ನೂ ತಾನೇ ಎತ್ತಿದಳು, ಮನೆ ಗಂಡನಿಗೇ ಎಂದು ಉಯಿಲು ಬರೆದಿಟ್ಟಳು. ಬೇಸಿಗೆ ಬಂದಾಗ ತನ್ನ ಹುಟ್ಟೂರು ತೋರಿಸುತ್ತೇನೆಂದು ಕರೆತಂದವಳೂ ಅವಳೇ. ಕುರಿ ತಾನಾಗಿ ಕಸಾಯಿಯ ಮನೆಗೆ ಬಂದರೆ ಯಾರು ಬೇಡವೆನ್ನುತ್ತಾರೆ?

ಊರು ತೋರಿಸುವುದರಲ್ಲೂ ಅವಳಿಗೆ ಅವನನ್ನು ಕೆಣಕುವುದೇ ಕೆಲಸ. ಬೀದಿಬದಿಯ ಕಂಚಿನ ನಾಯಿಯ ಮೂಗನ್ನು ಪ್ರವಾಸಿಗಳೆಲ್ಲ ಸವರುತ್ತಿದ್ದರು, ಅವನೂ ಸವರಿದ. ಊರಿನವರು ಯಾರೂ ಅದನ್ನು ಮುಟ್ಟುವುದಿಲ್ಲ ಎಂದು ಊನಾ ಹೇಳಿದ್ದು ಅವನು ಸವರಿ ಮುಗಿಸಿದ ಮೇಲೆ.

“ಕ್ರ್ಯಾಗ್ಸ್ ಬಂಡೆಗೆ ಯಾವಾಗ ಹೋಗೋದು?” ಎಂದು ಅವನೇ ಕೇಳಿದ. ಊರಿನ ನೆತ್ತಿಯ ಮೇಲಿನ ಆ ಕಡಿದಾದ ಬಂಡೆಸಾಲನ್ನು ಅವನು ಬಂದ ದಿನದಿಂದ ನೋಡುತ್ತಿದ್ದ.

“ನಾಳೆ ಬೇಡ, ನಾಡಿದ್ದು,” ಅಂದಳು ಊನಾ. “ಒಂದು ಗಂಟೆ ಹೊತ್ತಿಗೆ ಅಲ್ಲಿರೋಣ. ಅಂಚಿನಲ್ಲೇ ಕೂತು ಬುತ್ತಿ ತಿನ್ನಬಹುದು. ಬೇಲಿಗೀಲಿ ಏನೂ ಇಲ್ಲ, ನೀನು ಹುಷಾರಾಗಿರಬೇಕು ಅಷ್ಟೆ. ತೋಪು ಅಂದ್ರೆ ನಿನಗೆ ಆಗಲ್ವಲ್ಲ.”

ಆ ದಿನ ಬೆಳಗಿನಿಂದ ಊರೆಲ್ಲ ಗಂಟೆಗಳ ನಾದ. ಬೇಕರಿ ಮುಚ್ಚಿತ್ತು, ಹಿಂದಿನ ದಿನದ ಬಿಸ್ಕತ್ತನ್ನೇ ಕಟ್ಟಿಕೊಂಡರು. ಊನಾ ತನ್ನ ಒಳ್ಳೆಯ ಟೋಪಿ ಹಾಕಿದ್ದಳು. ರಜೆಯಲ್ಲಿರುವವನಿಗೆ ವಾರವೇನು, ತಿಥಿಯೇನು! ಡೆಸ್ಮಂಡ್ ಗಮನಿಸಿದ್ದು ಕಡಲಿನಿಂದ ಮೇಲೇರಿ ಬರುತ್ತಿದ್ದ ಮಂಜನ್ನು ಮಾತ್ರ. ಬಂಡೆಯ ತುದಿ ತಲುಪುವಷ್ಟರಲ್ಲಿ ಕೋಟೆಯೂ ಇಲ್ಲ, ಊರೂ ಇಲ್ಲ, ಹತ್ತಿರದಲ್ಲಿ ಒಂದು ನರಪಿಳ್ಳೆಯೂ ಇಲ್ಲ.

“ಮಂಜು ಇಷ್ಟು ದಟ್ಟ ಆದ್ರೆ ತೋಪು ಕೂಡ ಇಲ್ಲಿ ತನಕ ಕೇಳಿಸಲ್ಲ,” ಎನ್ನುತ್ತ ಊನಾ ಅಂಚಿನುದ್ದಕ್ಕೂ ನಡೆದಳು. ಒಂದೆಡೆ ನಿಂತು ಕೆಳಗೆ ಇಣುಕಿದಳು. ಎರಡು ಹೆಜ್ಜೆ ಸರಿದು, ಅವನಿಗೆ ಬೆನ್ನು ಮಾಡಿ ನಿಂತಳು.

ಇನ್ನು ಕಾಯುವುದೇನಿದೆ? ಅವನು ಎರಡೂ ಕೈಯಿಂದ ತಳ್ಳಿದ.

ಊನಾ ಕೂಗಲೂ ಇಲ್ಲ. ಟೋಪಿ ಮಾತ್ರ ಹುಲ್ಲಿನ ಮೇಲೆ ಉಳಿಯಿತು.

ಡೆಸ್ಮಂಡ್ ಇಳಿಜಾರಿನಲ್ಲಿ ಓಡಿದ. ಅರ್ಧ ದಾರಿಯಲ್ಲಿ ಗಡಿಯಾರ ನೋಡಿದ, ಒಂದು ದಾಟಿತ್ತು. ತೋಪು ಕೇಳಿಸಿರಲಿಲ್ಲ. ಅವಳೇ ಹೇಳಿದ್ದಳಲ್ಲ, ಮಂಜು ನುಂಗಿರಬೇಕು. ಕಣ್ಣೀರು ಎಂದಿನಂತೆ ಕರೆದೊಡನೆ ಬಂತು.

ಬಂಡೆಯ ಬುಡದಲ್ಲಿದ್ದ ಹಳೆಯ ಅರಮನೆಯ ಬಳಿ ಒಬ್ಬ ಪೊಲೀಸಿನವನು ಸಿಕ್ಕಿದ. ಕೆಂಪು ಮೀಸೆಯ, ನಿಧಾನದ ಮನುಷ್ಯ. ಡೆಸ್ಮಂಡನ ಭುಜ ಹಿಡಿದು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ, ಏನಾಯಿತೆಂದು ಸಮಾಧಾನವಾಗಿ ಕೇಳಿದ.

“ನನ್ನ ಹೆಂಡತಿ... ಬಂಡೆ ಅಂಚಲ್ಲಿ ನಿಂತಿದ್ಲು. ತೋಪು ಹಾರ್ತು. ಬೆಚ್ಚಿ ಬಿದ್ಲು.”

“ಯಾವ ತೋಪು, ಸರ್?”

“ಒಂದು ಗಂಟೇದು, ಇನ್ಯಾವುದು? ನನ್ನ ಕಿವಿ ಇನ್ನೂ ಗುಂಯ್ ಅಂತಿದೆ.”

ಪೊಲೀಸಿನವನು ಭುಜದ ಮೇಲಿನ ಕೈ ತೆಗೆಯಲಿಲ್ಲ. ಹಿಡಿತ ಮಾತ್ರ ಬಿಗಿಯಾಯಿತು.

“ಇವತ್ತು ಭಾನುವಾರ, ಸರ್. ನಮ್ಮೂರಲ್ಲಿ ಭಾನುವಾರ ತೋಪು ಹಾರಿಸಲ್ಲ.”

ಡೆಸ್ಮಂಡ್ ಎದ್ದೇಳಲು ನೋಡಿದ, ಆ ಕೈ ಬಿಡಲಿಲ್ಲ. ಅಷ್ಟರಲ್ಲಿ ಮಂಜಿನೊಳಗಿಂದ ಯಾರೋ ಕುಂಟುತ್ತ ಬರುವುದು ಕಂಡಿತು. ಮೊಣಕೈ ತರಚಿದೆ, ಕೂದಲಲ್ಲಿ ಹುಲ್ಲು, ಕೈಯಲ್ಲಿ ಟೋಪಿ. ಊನಾ ನೇರವಾಗಿ ಬಂದು ಅವನೆದುರು ನಿಂತಳು. ಈ ಸಲ ಅವಳು ನಗಲಿಲ್ಲ.

“ಅಂಚಿನ ಕೆಳಗೇ ಒಂದು ಹುಲ್ಲಿನ ಜಗಲಿ ಇದೆ, ಡೆಸ್,” ಅಂದಳು. “ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆ ಆಡೋವಾಗ ನಾನೂ ನನ್ನ ತಂಗೀನೂ ಅಲ್ಲೇ ಬಚ್ಚಿಟ್ಕೋತಿದ್ವಿ.”

ಅವನು ತಲೆ ಎತ್ತಿದ.

“ತೊಟ್ಟಿಲಿನಿಂದ ಈ ತೋಪು ಕೇಳ್ಕೊಂಡು ಬೆಳೆದವಳು ನಮ್ಮ ಮೇವಿಸ್. ಅವಳು ಹಡಗಿನ ಸೀಟಿಗೆ ಬೆಚ್ಚಿ ಬಿದ್ಲಾ?”