ಅಳತೆ ರವಿಕೆಯ ಪ್ರಶ್ನೆ

ಇದನ್ನು ಹೇಳಲು ಹೊರಟಿದ್ದಕ್ಕೆ ಕ್ಷಮಿಸಬೇಕು. ಕ್ಯಾನ್ಸರಿನಿಂದ ನನಗಿಂತ ಹೆಚ್ಚು ನೊಂದವರಿದ್ದಾರೆ.

ಬಟ್ಟೆಗಳಿಗೆ ಮಾತು ಬಂದ ಮೇಲೆ ನಮ್ಮ ರಾಣೆಬೆನ್ನೂರಿನಲ್ಲಿ ದರ್ಜಿಗಳು ಟೇಪು ಹಿಡಿಯುವುದಿಲ್ಲ. ಅಳತೆಗೆ ಕೊಟ್ಟ ಹಳೆಯ ರವಿಕೆಯೇ ಎಲ್ಲ ಹೇಳುತ್ತದೆ. ಎಡ ಸ್ತನ ತೆಗೆಸಿಕೊಂಡ ಮೇಲೆ ಎರಡು ವರ್ಷ ನಾನು ಶಾಲು ಹೊದ್ದೇ ಓಡಾಡಿದ್ದೆ, ಯಾರಿಗೂ ಏನೂ ತೋರಿಸಿರಲಿಲ್ಲ. ತಂಗಿಯ ಮಗಳ ಮದುವೆ ಬಂತೆಂದು ಅಂದಿನಿಂದ ಪೆಟ್ಟಿಗೆಯಲ್ಲೇ ಇದ್ದ ರವಿಕೆ ತೆಗೆದುಕೊಂಡು ದರ್ಜಿ ನೀಲವ್ವನ ಬಳಿ ಹೋದೆ.

“ಎರಡೂ ಕಡೆ ಒಂದೇ ಅಳತಿ,” ಎಂದಿತು ರವಿಕೆ.

ನೀಲವ್ವ ನನ್ನ ಶಾಲು ನೋಡಿದಳು. “ಅಕ್ಕಾರ, ಇದಕ್ಕ ಸುದ್ದಿ ಗೊತ್ತಿಲ್ಲೇನ್ರಿ? ಒಮ್ಮೆ ಹಾಕ್ಕೊಂಡ್ ಬರ್ರಿ.”

ಪರದೆಯ ಹಿಂದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ಶಾಲಿಲ್ಲದೆ ಹೊರಗೆ ಬಂದೆ. ಎಡಭಾಗ ಜೋತುಬಿದ್ದಿತ್ತು.

ರವಿಕೆ ಯೋಚಿಸಿ ಕೇಳಿತು: “ಹಂಗಾರ ಎಡಕ್ಕ ಇಟ್ಕೋತಿದ್ದ ಮೊಬೈಲ್ ಈಗ ಎಲ್ಲಿ ಇಟ್ಕೋತೀಯವ್ವ?”

“ಇಟ್ರ ಬೀಳ್ತೈತಿ,” ಎಂದೆ. “ಎರಡು ಸಲ ಒಡದೈತಿ.”

“ಎಡಕ್ಕ ಒಳಗೊಂದು ಕಿಸೆ ಹಚ್ಚೂಣು ಬಿಡ್ರಿ,” ಎಂದಳು ನೀಲವ್ವ. “ಬಲಗಡಿ ಉಳದಾಕಿಗೆ ಹೊಟ್ಟಿಕಿಚ್ಚ್ ಆಗ್ಲಿ.”

ಮೂವರೂ ನಕ್ಕೆವು.

ಮದುವೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಪಂಕ್ತಿಗೆ ಬಡಿಸಿದೆ. ಕಾಯಿಲೆ ಮರಳಿ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲವಂತೆ.