ಒಳಗಿನ ಅಗುಳಿ

ಮುರಿದ ಅಗುಳಿಯ ಅರ್ಧ ತುಂಡು ಇನ್ನೂ ಗೋಡೆಯ ತೂತಿನಲ್ಲೇ ಇತ್ತು. ಅದನ್ನು ಬಗ್ಗಿ ನೋಡಿದ ಎಂಜಿನಿಯರ್ ಪ್ರೀತಂ ಬರೆಯುವುದನ್ನು ನಿಲ್ಲಿಸಿದ. ಪೊಲೀಸರು ಒಡೆದ ಬಾಗಿಲಿಗೆ ಪರಿಹಾರ ಕೊಡಿ ಎಂದು ಮನೆ ಮಾಲೀಕ ತಿಮ್ಮಯ್ಯ ಮಂಡ್ಯದ ನಗರಸಭೆಗೆ ಮೂರು ವಾರ ಅಲೆದು, ಕೊನೆಗೂ ಅವನನ್ನು ಸ್ಥಳ ಪರಿಶೀಲನೆಗೆ ಕರೆತಂದಿದ್ದ.

ಸರಗಳ್ಳನೊಬ್ಬ ಈ ಮನೆಗೆ ನುಗ್ಗಿದ ಎಂದು ಯಾರೋ ಕೈ ತೋರಿಸಿದ್ದೇ ತಡ, ಅಟ್ಟಿಸಿಕೊಂಡು ಬಂದ ಪೊಲೀಸರು ಬೀಗ ಕತ್ತರಿಸಿ, ಬಾಗಿಲನ್ನೂ ಒದ್ದು ಕೆಡವಿದ್ದರು. ಒಳಗೆ ನರಪಿಳ್ಳೆಯೂ ಇರಲಿಲ್ಲ. ಕಳ್ಳ ಆಮೇಲೆ ದುದ್ದದ ಕಡೆ ಕಬ್ಬಿನ ಗದ್ದೆಯಲ್ಲಿ ಸಿಕ್ಕಿದ.

ಅಲ್ಲಿಗೆ ಮನೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಬಾಡಿಗೆಗಿದ್ದ ಮರಿತಾಯಮ್ಮ ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡಿದ್ದಳು. ಆರು ತಿಂಗಳು ಮನೆ ಬಿಡಬೇಕು ಎಂದು ಜೋಯಿಸರು ಹೇಳಿದ ಮೇಲೆ ಅವಳ ಮಗ ಸೊಸೆ ಕೊತ್ತತ್ತಿಗೆ ಹೋದರು. ಇಂಥದ್ದರಲ್ಲಿ ತಿಮ್ಮಯ್ಯ ಬಲು ಕಟ್ಟುನಿಟ್ಟು. ತಾನೇ ನಿಂತು ಬೀಗ ಜಡಿದು, ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳು ಕಟ್ಟಿದ್ದ. ಕಾಟಾಚಾರಕ್ಕೆ ಮಾಡಿದರೆ ಮುಂದೆ ಆ ಮನೆಗೆ ಯಾರು ಬರುತ್ತಾರೆ? ಬಾಗಿಲು ಒಡೆದ ಮೇಲಂತೂ ಬೀದಿಯವರು ಏನೇನೋ ಆಡಿಕೊಳ್ಳುತ್ತಿದ್ದರು. ಅವನಿಗೆ ಪರಿಹಾರಕ್ಕಿಂತ ಒಂದು ಕಾಗದ ಬೇಕಿತ್ತು: ಮನೆ ಖಾಲಿ ಇತ್ತು, ಬಾಗಿಲು ಮುರಿದದ್ದು ಪೊಲೀಸರು. ಅಷ್ಟಿದ್ದರೆ ಮನೆಯನ್ನು ಮತ್ತೆ ಬಾಡಿಗೆಗೆ ಕೊಡಬಹುದು.

ಬೀಗ ಕತ್ತರಿಸಿದ ಮೇಲೂ ಒದ್ದದ್ದು ಏಕೆ ಎಂದು ಪ್ರೀತಂ ಕೇಳಿದ. ಪೊಲೀಸರ ವರದಿ ಪ್ರೀತಂ ಕೈಯಲ್ಲೇ ಇತ್ತು; ಬಾಗಿಲು ಒಳಗಿಂದ ಭದ್ರವಾಗಿತ್ತು ಎಂದು ಅದರಲ್ಲಿ ಬರೆದಿತ್ತು. ಅವನು ಮನೆಯನ್ನೆಲ್ಲ ಸುತ್ತಿ ಬಂದ. ಹಿಂಬಾಗಿಲು ಇರಲಿಲ್ಲ. ಕಿಟಕಿಯ ಸರಳುಗಳು ಅಲುಗಿರಲಿಲ್ಲ. ತಾರಸಿಯಲ್ಲಿ ಒಂದು ಬಿರುಕೂ ಇಲ್ಲ. ಹಗಲು ಹನ್ನೊಂದು ಗಂಟೆ, ಆದರೂ ಅವನಿಗೆ ಆ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

"ಒಳಗೆ ಯಾರೋ ಇದ್ದರು ಅಂತ ಬರೆದರೆ ಕಳ್ಳನ್ನ ಬಚ್ಚಿಟ್ಟಿದ್ದು ನೀವೇ ಅಂತ ಆಗುತ್ತೆ. ಯಾರೂ ಇರಲಿಲ್ಲ ಅಂತ ಬರೆದರೆ ಈ ಅಗುಳಿ ಹಾಕಿದ್ದು ಯಾರು ತಿಮ್ಮಯ್ಯನವರೇ?"

"ಅಗುಳಿ ವಿಚಾರ ಬುಟ್ಬುಡಿ ಸಾ," ಎಂದ ತಿಮ್ಮಯ್ಯ. "ಕಾಲಿ ಮನೆ ಅಂತ ಬರ್ಕಳಿ, ಸಾಕು."

ಪ್ರೀತಂಗೂ ಬೇಗ ಹೊರಗೆ ಹೋದರೆ ಸಾಕಾಗಿತ್ತು. ಹಾಗೇ ಬರೆದ. ಕೊನೆಯದಾಗಿ ಮನೆಯಲ್ಲಿದ್ದವರ ಸಹಿಯೊಂದು ಬೇಕಿತ್ತು. ಅದಕ್ಕೆಂದೇ ಮರಿತಾಯಮ್ಮನ ಸೊಸೆ ಮಲ್ಲಿಗಮ್ಮನನ್ನು ಕೊತ್ತತ್ತಿಯಿಂದ ಕರೆಸಿದ್ದರು. ಅವಳು ಅಂಗಳದಲ್ಲೇ ನಿಂತಿದ್ದಳು, ಎಷ್ಟು ಕರೆದರೂ ಹೊಸಲು ದಾಟಲಿಲ್ಲ. ಇಬ್ಬರೂ ಕಾಗದ ಹಿಡಿದು ಅವಳ ಬಳಿಗೇ ಬಂದರು. ಬರೆದದ್ದನ್ನು ಅವಳು ನಿಧಾನವಾಗಿ ಓದಿಕೊಂಡಳು. ಪೆನ್ನು ತೆಗೆದುಕೊಳ್ಳಲಿಲ್ಲ.

"ಕಾಲಿ ಇತ್ತು ಅಂತ ನಾನೆಂಗಣ್ಣ ಸೈನ್ ಆಕ್ಲಿ? ನಮ್ಮತ್ತೆ ಅಗುಳಿ ಆಕ್ದೆ ಒಂದಿನಾನೂ ಮಲಗ್ದೋರಲ್ಲ."

ಸತ್ತವರ ಮಾತು ಈಗ ಯಾಕಮ್ಮ, ಇದೊಂದು ಸಹಿಯಿಂದ ನನ್ನ ಮನೆ ಉಳಿಯುತ್ತದೆ ಎಂದು ತಿಮ್ಮಯ್ಯ ಗೋಗರೆದ.

ಮಲ್ಲಿಗಮ್ಮ ಕಾಗದವನ್ನು ಅವನ ಕೈಗೇ ಕೊಟ್ಟಳು.

"ಆರು ತಿಂಗ್ಳು ಅವ್ರು ಇಲ್ಲೇ ಇರ್ತಾರೆ ಅಂತಾನೇ ಅಲ್ವಾ ನೀವು ಮುಳ್ಳು ಕಟ್ಟಿದ್ದು? ಎಲ್ಡು ತಿಂಗ್ಳು ಬಾಕಿ ಇರೋವಾಗ್ಲೇ ಬಾಗ್ಲು ಒಡ್ದಾಕವ್ರೆ. ಈಗ ಅವ್ರು ಯಾರ ಮನೇಲವ್ರೆ? ಅದೊಂದ್ ಏಳ್ಬುಡಿ ಅಣ್ಣ, ಸೈನ್ ಆಕ್ತೀನಿ."